ತೃಪ್ತಿಯಾಗಿದ್ದರೆ ಒಂದನ್ನು ಒತ್ತಿ

ಸರ್ಕಾರಕ್ಕೆ ನಿಮ್ಮ ಅಭಿಪ್ರಾಯ ಬೇಕಂತೆ. ನಗಬೇಡಿ. ನಿಜವಾಗಿಯೂ ಬೇಕಂತೆ.

ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನ ಪಕ್ಕದ ಗೋಡೆ ನೋಡಿ. ಕೆಟ್ಟು ನಿಂತ ನೀರಿನ ಫಿಲ್ಟರಿನ ಮೇಲುಗಡೆ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ‘ಸ್ಕ್ಯಾನ್ ಮಾಡಿ, ನಿಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಿ.’ ಅದರ ಪಕ್ಕದಲ್ಲೇ ಇನ್ನೊಂದು ಕಾಗದ. ‘ಸ್ಕ್ಯಾನಿಂಗ್ ಯಂತ್ರ ಕೆಟ್ಟಿರುತ್ತದೆ.’ ಇದು ಕೈಬರಹ, ಬಿಸಿಲಿಗೆ ಹಳದಿಯಾಗಿದೆ. ಕ್ಯೂಆರ್ ಕೋಡ್ ಮಾತ್ರ ಹೊಚ್ಚ ಹೊಸದು, ಲ್ಯಾಮಿನೇಷನ್ ಸಮೇತ.

ಆಸ್ಪತ್ರೆ ರೋಗಿಯನ್ನು ಸ್ಕ್ಯಾನ್ ಮಾಡುವುದಿಲ್ಲ. ರೋಗಿ ಆಸ್ಪತ್ರೆಯನ್ನು ಸ್ಕ್ಯಾನ್ ಮಾಡಬೇಕು.

ಯಂತ್ರ ಕೆಟ್ಟಿದೆ ಅಂತ ಅವರಿಗೇ ಗೊತ್ತು. ಅವರೇ ಬರೆದು ಅಂಟಿಸಿದ್ದಾರೆ. ಫಿಲ್ಟರಿನಲ್ಲಿ ನೀರು ಬರುವುದಿಲ್ಲ ಅಂತ ಗೊತ್ತು. ಮಧ್ಯಾಹ್ನದ ಮೇಲೆ ಡಾಕ್ಟರು ಇರುವುದಿಲ್ಲ ಅಂತ ಊರಿಗೆಲ್ಲ ಗೊತ್ತು, ಡಾಕ್ಟರಿಗೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದವರು ನನ್ನ ಮೊಬೈಲಿನಿಂದ ಹೊಸದಾಗಿ ಏನು ತಿಳಿಯಬೇಕಾಗಿದೆ?

2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆ ಶುರು ಮಾಡಿತು. ಚೀಟಿ ಮಾಡಿಸುವಾಗ ಕೊಟ್ಟ ನಂಬರಿಗೆ ಒಂದು ಎಸ್ಸೆಮ್ಮೆಸ್ ಬರುತ್ತದೆ, ಇಲ್ಲವೇ ರೆಕಾರ್ಡ್ ಮಾಡಿದ ಧ್ವನಿಯೊಂದು ಫೋನ್ ಮಾಡುತ್ತದೆ. ಆ್ಯಪ್ ಇದೆ, ವೆಬ್‌ಸೈಟ್ ಇದೆ. ಚಿಕಿತ್ಸೆಯಿಂದ ತೃಪ್ತಿಯಾಯಿತೇ? ಆಗದಿದ್ದರೆ ಯಾಕೆ ಆಗಲಿಲ್ಲ? ಕಾರಣಗಳ ಪಟ್ಟಿಯನ್ನೂ ಅವರೇ ಕೊಡುತ್ತಾರೆ. ಸಿಬ್ಬಂದಿಯ ವರ್ತನೆ. ಸ್ವಚ್ಛತೆ. ಚಿಕಿತ್ಸೆಯ ವೆಚ್ಚ. ಚಿಕಿತ್ಸೆಯ ಗುಣಮಟ್ಟ. ಇತರೆ.

ಉದ್ದೇಶದಲ್ಲಿ ತಪ್ಪಿಲ್ಲ. ಉದ್ದೇಶದಲ್ಲಿ ನಮ್ಮ ಸರ್ಕಾರಗಳು ಯಾವತ್ತೂ ತಪ್ಪಿದ್ದಿಲ್ಲ.

ಆದರೆ ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಿ. ಡಾಕ್ಟರ ಹುದ್ದೆಯೇ ಖಾಲಿ ಇದೆ ಅಂತಿಟ್ಟುಕೊಳ್ಳಿ. ಯಾವುದನ್ನು ಒತ್ತುತ್ತೀರಿ? ಸಿಬ್ಬಂದಿಯ ವರ್ತನೆಯೇ? ಇಲ್ಲದವರ ವರ್ತನೆ ಹೇಗಿರುತ್ತದೆ? ಬಹಳ ಸಭ್ಯವಾಗಿಯೇ ಇರುತ್ತದೆ. ಮಾತ್ರೆ ಇಲ್ಲ, ಹೊರಗಡೆ ತಗೊಳ್ಳಿ ಅಂದರು. ಇದು ವೆಚ್ಚವೋ ಗುಣಮಟ್ಟವೋ? ಹೆರಿಗೆ ವಾರ್ಡಿನಲ್ಲಿ ಆಯಾ ಮಗುವನ್ನು ಕೈಗೆ ಕೊಡುವ ಮೊದಲು ಕೈ ಚಾಚಿದಳು. ಗಂಡಾದರೆ ಇಷ್ಟು, ಹೆಣ್ಣಾದರೆ ಸ್ವಲ್ಪ ರಿಯಾಯಿತಿ. ಇದಕ್ಕೆ ಯಾವ ಬಟನ್? ‘ಲಂಚ’ ಅಂತ ಒಂದು ಸಾಲು ಸೇರಿಸಿದ್ದರೆ ಆ್ಯಪ್ ತೂಕ ಹೆಚ್ಚಾಗುತ್ತಿತ್ತೇನೋ. ಇರಲಿ, ‘ಇತರೆ’ ಇದೆಯಲ್ಲ. ಸರ್ಕಾರಿ ಆರೋಗ್ಯ ವ್ಯವಸ್ಥೆಯ ಮುಕ್ಕಾಲು ಪಾಲು ಸಂಕಟ ಆ ಮೂರಕ್ಷರದಲ್ಲಿ ಹಾಯಾಗಿ ಮಲಗಿದೆ. ಇಡೀ ಆಸ್ಪತ್ರೆಯಲ್ಲಿ ಎಷ್ಟು ಜನ ಬಂದರೂ ಹಾಸಿಗೆ ಖಾಲಿ ಇರುವ ವಾರ್ಡು ಅದೊಂದೇ.

ಇನ್ನು ಆ ಫೋನು. ಅದು ಯಾರಿಗೆ ಹೋಗುತ್ತದೆ?

ಹೊಸಕೆರೆ ಹಟ್ಟಿಯ ಲಕ್ಕಮ್ಮನಿಗೆ ಅಂತೂ ಅಲ್ಲ. ಆಕೆಯ ಹತ್ತಿರ ಫೋನಿಲ್ಲ. ಇದ್ದರೂ ನಂಬರು ಬಾಯಿಗೆ ಬಾರದು. ಕೌಂಟರಿನವನು ಗದರಿದಾಗ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದು ಕೊಡುತ್ತಾಳೆ. ಅದರಲ್ಲಿ ಬೆಂಗಳೂರಿನಲ್ಲಿರುವ ಮಗನ ನಂಬರು. ಚೀಟಿಯೂ ಇಲ್ಲದಿದ್ದರೆ ಕೌಂಟರಿನವನು ಹತ್ತು ಒಂಬತ್ತುಗಳನ್ನು ಕುಟ್ಟಿ ‘ಮುಂದೆ ಬನ್ನಿ’ ಅಂದರೆ ಕೇಳುವವರು ಯಾರು? ಹಿಂದೆ ಸಾಲು ಗೇಟಿನವರೆಗೆ ನಿಂತಿದೆ.

ಮೂರನೆಯ ದಿನ ಮಗನಿಗೆ ಫೋನ್ ಬರುತ್ತದೆ. ಅವನು ಯಾರದೋ ಮನೆಗೆ ಬಿರಿಯಾನಿ ತಲುಪಿಸಲು ಸಿಗ್ನಲ್ಲಿನಲ್ಲಿ ನಿಂತಿದ್ದಾನೆ. ಅಮ್ಮನಿಗೆ ಹುಷಾರಿಲ್ಲದ್ದೇ ಅವನಿಗೆ ತಿಳಿಯದು. ‘ತೃಪ್ತಿಯಾಗಿದ್ದರೆ ಒಂದನ್ನು ಒತ್ತಿ’ ಎನ್ನುತ್ತದೆ ಹೆಣ್ಣು ದನಿ. ಒತ್ತಿದರೆ ದನಿ ನಿಲ್ಲುತ್ತದೆ ಎಂಬ ಆಸೆಯಿಂದ ಒತ್ತುತ್ತಾನೆ. ದೆಹಲಿಯ ಕಂಪ್ಯೂಟರಿನಲ್ಲಿ ಒಬ್ಬ ರೋಗಿಗೆ ತೃಪ್ತಿಯಾಗುತ್ತದೆ.

ಒತ್ತದೆಯೂ ಇರಬಹುದು. ಅದಕ್ಕೂ ಸರ್ಕಾರವೇ ಕಾರಣ. 2025ರಲ್ಲಿ ಅದು ನಿಲ್ಲುವವರೆಗೆ, ಯಾರಿಗೆ ಫೋನ್ ಮಾಡಿದರೂ ಮೊದಲು ಸೈಬರ್ ವಂಚನೆಯ ಉಪದೇಶ ಕೇಳಿಸಿಕೊಂಡು ಕಿವಿ ತೂತಾದ ಜನ ನಾವು. ಅಪರಿಚಿತ ಲಿಂಕ್ ಒತ್ತಬೇಡಿ, ಅಪರಿಚಿತ ಕರೆ ನಂಬಬೇಡಿ. ಒಂದು ಇಲಾಖೆ ಹೀಗೆ ಹೆದರಿಸುತ್ತದೆ. ಇನ್ನೊಂದು ಇಲಾಖೆ ಅಪರಿಚಿತ ನಂಬರಿನಿಂದಲೇ ಲಿಂಕ್ ಕಳಿಸಿ, ಒತ್ತಿ ಅನ್ನುತ್ತದೆ. ಎರಡರ ಮಾತನ್ನೂ ಪಾಲಿಸುವ ಪ್ರಜೆ ಇನ್ನೂ ಹುಟ್ಟಿಲ್ಲ.

ಆನ್‌ಲೈನ್ ಅಭಿಪ್ರಾಯ ಹೇಗೆ ತಯಾರಾಗುತ್ತದೆ ಎಂಬುದನ್ನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡೆ. ಊರಿನ ಹೆಸರು ಬೇಡ. ಎಲ್ಲ ಊರಿನವರೂ ನಮ್ಮದೇ ಅಂದುಕೊಳ್ಳಲಿ. ತಿಂಗಳ ಕೊನೆ. ಸಿಸ್ಟರ್ ಒಬ್ಬರು ಟ್ಯಾಬ್ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದರು. ಬಿಪಿ ಮಾತ್ರೆಗೆಂದು ಬಂದ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಅಜ್ಜಿ, ಒಂಚೂರು ಬೆಳ್ಳು ಕೊಡಿ ಇಲ್ಲಿ.”

“ಯಾಕವ್ವ, ಆಧಾರ್‌ಗಾ?”

“ಇಲ್ಲಜ್ಜಿ. ಆಸ್ಪತ್ರೆ ಹೆಂಗೈತೆ ಅಂತ ಕೇಳ್ತಾರೆ.”

“ಯಾರು?”

“ಸರ್ಕಾರದೋರು.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು. “ಚೆನ್ನಾಗಿಲ್ಲ ಅಂದ್ರೆ ಮಾತ್ರೆ ಕೊಡಾಕಿಲ್ವಾ?”

“ಕೊಡ್ತಾರೆ ಬಿಡಜ್ಜಿ.”

“ಕೊಡ್ತಾರಾ? ಯಾವುದಕ್ಕೂ ಚೆನ್ನಾಗದೆ ಅಂತ್ಲೇ ಬರ್ಕೊ.”

ಐದು ನಕ್ಷತ್ರ. ಅಜ್ಜಿ ಎದ್ದು ಔಷಧಿ ಕಿಟಕಿಗೆ ಹೋದಳು. ಬಿಪಿ ಮಾತ್ರೆ ಸ್ಟಾಕ್ ಇರಲಿಲ್ಲ.

ಅಜ್ಜಿ ಸುಳ್ಳು ಹೇಳಿದಳು ಅನ್ನಬೇಡಿ. ಬಡವರ ತೃಪ್ತಿಯ ಲೆಕ್ಕವೇ ಬೇರೆ. ಬೈಯದಿದ್ದರೆ ಒಳ್ಳೆ ಡಾಕ್ಟ್ರು. ಮುಟ್ಟಿ ನೋಡಿದರೆ ದೇವರಂಥ ಡಾಕ್ಟ್ರು. ಹೋದವರು ಜೀವಂತ ಮನೆಗೆ ಬಂದರೆ ಆಸ್ಪತ್ರೆಗೆ ನೂರಕ್ಕೆ ನೂರು. ಏನನ್ನೂ ನಿರೀಕ್ಷಿಸದವನಿಗೆ ನಿರಾಸೆ ಎಲ್ಲಿಂದ ಬರಬೇಕು? ಎಪ್ಪತ್ತೈದು ವರ್ಷಗಳ ಕಾಲ ನಿರೀಕ್ಷೆಯನ್ನು ನೆಲಕ್ಕೆ ತುಳಿದು, ಈಗ ಅಳತೆಪಟ್ಟಿ ಹಿಡಿದು ಬಂದು ‘ನೋಡಿ, ಜನ ಎಷ್ಟು ತೃಪ್ತರಾಗಿದ್ದಾರೆ’ ಎನ್ನುವುದಕ್ಕೆ ಎಂಥ ಚರ್ಮ ಬೇಕು!

ಈ ತೃಪ್ತಿಗೆ ಬೆಲೆಯೂ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟದ ಪ್ರಮಾಣಪತ್ರ ಕೊಡುತ್ತಾರೆ. ಎನ್‌ಕ್ಯೂಎಎಸ್ ಅಂತ ಅದರ ಹೆಸರು. ಅದು ಸಿಗಬೇಕಾದರೆ ಇರುವ ಷರತ್ತುಗಳಲ್ಲಿ ರೋಗಿಗಳ ತೃಪ್ತಿಯೂ ಒಂದು: ಶೇ 70, ಅಥವಾ ಐದಕ್ಕೆ ಮೂರೂವರೆ. ಪ್ರಮಾಣಪತ್ರ ಬಂದರೆ ಜಿಲ್ಲಾಸ್ಪತ್ರೆಗೆ ಹಾಸಿಗೆಗಳ ಲೆಕ್ಕದಲ್ಲಿ ಪ್ರೋತ್ಸಾಹಧನವೂ ಬರುತ್ತದೆ. ತೃಪ್ತಿಯ ಅರ್ಜಿ ತುಂಬಿಸಿಕೊಳ್ಳುವವರು ಯಾರು? ಅದೇ ಆಸ್ಪತ್ರೆಯವರು. ಅರ್ಜಿ ಯಾವಾಗ ತುಂಬಿಸುತ್ತಾರೆ? ರೋಗಿ ಇನ್ನೂ ಅವರ ಹಾಸಿಗೆಯ ಮೇಲೆ, ಅವರ ಡ್ರಿಪ್ಪು ಚುಚ್ಚಿಸಿಕೊಂಡು ಮಲಗಿರುವಾಗ. ಕೈಯಲ್ಲಿ ಸೂಜಿ ಇರುವವರ ಬಗ್ಗೆ ನಿಮ್ಮ ಪ್ರಾಮಾಣಿಕ ಅಭಿಪ್ರಾಯ ತಿಳಿಸಿ.

ಹೊರಗಿನ ಪರೀಕ್ಷಕರೂ ಬರುತ್ತಾರೆ, ಹೌದು. ಮುಂಚೆಯೇ ತಿಳಿಸಿ ಬರುತ್ತಾರೆ. ಆ ವಾರ ಗೋಡೆಗೆ ಸುಣ್ಣ, ಶೌಚಾಲಯಕ್ಕೆ ಫಿನಾಯಿಲು, ಹಾಸಿಗೆಗೆ ಬಣ್ಣ ಬಣ್ಣದ ಬೆಡ್‌ಶೀಟು. 2015ರಲ್ಲಿ ಶುರುವಾದ ‘ಕಾಯಕಲ್ಪ’ ಪ್ರಶಸ್ತಿಯ ತಂಡ ಬರುವಾಗಲೂ ಇದೇ ಸಂಭ್ರಮ. ಕಾಯಿಲೆ ಬೀಳುವುದಿದ್ದರೆ ಆ ವಾರ ಬೀಳಬೇಕು.

ಸರಿ, ಯಾರೋ ಒಬ್ಬ ಧೈರ್ಯಸ್ಥ ನಿಜವಾಗಿಯೂ ದೂರು ಕೊಟ್ಟ ಅಂತಿಟ್ಟುಕೊಳ್ಳೋಣ. ಆರೋಗ್ಯ ಸಹಾಯವಾಣಿ 104 ಇದೆ. ಸರ್ಕಾರದ ಜನಸ್ಪಂದನದ 1902 ಇದೆ. ಹೆಸರು, ಊರು, ಫೋನ್ ನಂಬರು, ದೂರಿನ ವಿವರ ಎಲ್ಲ ಬರೆದುಕೊಳ್ಳುತ್ತಾರೆ. ಒಂದು ನೋಂದಣಿ ಸಂಖ್ಯೆಯೂ ಬರುತ್ತದೆ, ರೈಲ್ವೆ ಟಿಕೆಟ್ಟಿಗಿಂತ ಉದ್ದನೆಯದು. ಆಮೇಲೆ ಯಾತ್ರೆ ಶುರು. ಬೆಂಗಳೂರಿನಿಂದ ‘ಸೂಕ್ತ ಕ್ರಮಕ್ಕಾಗಿ’ ಜಿಲ್ಲಾ ಆರೋಗ್ಯಾಧಿಕಾರಿ ಡಿಎಚ್‌ಒಗೆ. ಡಿಎಚ್‌ಒಯಿಂದ ‘ಸೂಕ್ತ ಕ್ರಮಕ್ಕಾಗಿ’ ತಾಲ್ಲೂಕು ಆರೋಗ್ಯಾಧಿಕಾರಿ ಟಿಎಚ್‌ಒಗೆ. ಟಿಎಚ್‌ಒಯಿಂದ ‘ಪರಿಶೀಲಿಸಿ ವರದಿ ನೀಡಲು’ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ. ಆತ ಯಾರು? ದೂರು ಇರುವುದೇ ಆತನ ಮೇಲೆ.

ಆತ ಪರಿಶೀಲಿಸುತ್ತಾನೆ. ತನ್ನನ್ನು ತಾನೇ ಕೂಲಂಕಷವಾಗಿ ವಿಚಾರಿಸಿಕೊಳ್ಳುತ್ತಾನೆ. ದೂರಿನಲ್ಲಿ ಹುರುಳಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ಅದಕ್ಕೂ ಮುಂಚೆ, ಕಾಗದದಲ್ಲಿ ನಂಬರ್ ಇದೆಯಲ್ಲ, ಒಂದು ಫೋನ್ ಮಾಡಿಸುತ್ತಾನೆ.

“ಏನಪ್ಪಾ, ನಮ್ಮ ಮೇಲೆ ಕಂಪ್ಲೇಂಟ್ ಕೊಟ್ಟಿದ್ದೀಯಂತೆ? ನಾಳೆ ಹುಷಾರು ತಪ್ಪಿದ್ರೆ ಎಲ್ಲಿಗೋಗ್ತೀಯಾ?”

ಒಂದು ಹೋಬಳಿಗೆ ಒಂದು ಆಸ್ಪತ್ರೆ. ಎಲ್ಲಿಗೆ ಹೋದಾನು? ಆನ್‌ಲೈನಿನಲ್ಲಿ ಇಷ್ಟವಾಗದ ಚಪ್ಪಲಿಗೆ ಒಂದು ನಕ್ಷತ್ರ ಕೊಟ್ಟು ಇನ್ನೊಂದು ಅಂಗಡಿಗೆ ಹೋಗಬಹುದು. ಹಾವು ಕಚ್ಚಿದವನಿಗೆ ಆ ಸೌಕರ್ಯವಿಲ್ಲ. ಎರಡು ದಿನದಲ್ಲಿ ದೂರುದಾರನಿಗೆ ಎಸ್ಸೆಮ್ಮೆಸ್ ಬರುತ್ತದೆ: ‘ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ?’

ಇನ್ನೊಂದು ವರ್ಗದ ರೋಗಿಗಳಿದ್ದಾರೆ. ಅವರು ಯಾವ ಅಂಕವನ್ನೂ ಕೊಡುವುದಿಲ್ಲ.

2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಹಾಹಾಕಾರ. 24 ಮಂದಿ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರು ಮಾತ್ರ ಎಂದಿತು ಅಂದಿನ ಸರ್ಕಾರ. ಹೈಕೋರ್ಟ್ ನೇಮಿಸಿದ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಸಾವನ್ನೇ ಹೀಗೆ ಚೌಕಾಸಿ ಮಾಡಿ ಎಣಿಸುವವರು ತೃಪ್ತಿಯನ್ನು ಎಷ್ಟು ಪ್ರಾಮಾಣಿಕವಾಗಿ ಎಣಿಸುತ್ತಾರೆ ಎಂದು ಊಹಿಸಲು ಆ್ಯಪ್ ಬೇಕಿಲ್ಲ.

2024ರ ನವೆಂಬರ್, ಡಿಸೆಂಬರ್. ಬಳ್ಳಾರಿಯ ಆಸ್ಪತ್ರೆ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಐವರು. ಸಂಶಯ ಹೋದದ್ದು ಅವರಿಗೆ ಏರಿಸಿದ್ದ ಡ್ರಿಪ್ ಬಾಟಲಿಯ ದ್ರಾವಣದ ಮೇಲೆ. ಆ ಐವರಲ್ಲಿ ಯಾರನ್ನಾದರೂ ಡ್ರಿಪ್ ಹಾಕುವ ಹೊತ್ತಿಗೆ ಕೇಳಿದ್ದರೆ ತೃಪ್ತಿ ಎಂದೇ ಹೇಳುತ್ತಿದ್ದರೇನೋ. ಮಗು ಹುಟ್ಟಿದೆ, ನರ್ಸು ಬೈದಿಲ್ಲ, ಬಾಟಲಿ ಏರುತ್ತಿದೆ. ಬಾಟಲಿಯೊಳಗೆ ಏನಿದೆ ಎಂಬುದನ್ನು ನೋಡಬೇಕಾದವರು ಬೇರೆ ಇದ್ದರು. ಅದಕ್ಕೆ ಸಂಬಳ ಪಡೆಯುತ್ತಿದ್ದರು. ಅವರಿಗೆ ನಕ್ಷತ್ರ ಕೊಡುವ ಕ್ಯೂಆರ್ ಕೋಡನ್ನು ಯಾವ ಗೋಡೆಗೆ ಅಂಟಿಸಿದ್ದಾರೆ?

ಎಲ್ಲಿಯೂ ಅಂಟಿಸಿಲ್ಲ. ಅಂಟಿಸುವುದೂ ಇಲ್ಲ. ಈ ಇಡೀ ಏರ್ಪಾಟಿನ ಜಾಣತನವೇ ಅದು. ರೋಗಿ ಯಾರನ್ನು ಅಳೆಯಬಹುದು? ಕಣ್ಣಿಗೆ ಕಾಣುವವರನ್ನು. ನಲವತ್ತು ಹಾಸಿಗೆಗೆ ಒಬ್ಬಳೇ ಇರುವ ನರ್ಸನ್ನು. ಗುತ್ತಿಗೆಯ ಮೇಲೆ ಬಂದು, ತಿಂಗಳುಗಟ್ಟಲೆ ಸಂಬಳ ಕಾಣದೆ ಶೌಚಾಲಯ ತೊಳೆಯುವ ಹೆಂಗಸನ್ನು. ರಾತ್ರಿಯೆಲ್ಲ ಹೆರಿಗೆ ಮಾಡಿಸಿ ಬೆಳಗ್ಗೆ ಒಪಿಡಿಯಲ್ಲಿ ಕೂತು ಸಿಡುಕುವ ಡಾಕ್ಟರನ್ನು. ಎರಡನೆಯ ನರ್ಸನ್ನು ನೇಮಿಸದವನು ಕಾಣುವುದಿಲ್ಲ. ಗುತ್ತಿಗೆ ಹಣ ನುಂಗಿದವನು ಕಾಣುವುದಿಲ್ಲ. ಮಾತ್ರೆಯ ಟೆಂಡರನ್ನು ಎಳೆದಾಡಿದವನಂತೂ ಕಾಣುವುದೇ ಇಲ್ಲ, ಅವನು ಫೈಲಿನ ಹಿಂದೆ ಇದ್ದಾನೆ. ವಿಧಾನಸೌಧ ಮಾಡಿದ ತಪ್ಪಿಗೆ ವಾರ್ಡಿನ ಆಯಾಳ ಅಂಕ ಕಡಿತ.

ಸಿಡುಕುವ ಡಾಕ್ಟರ ಪರವಾಗಿ ನಾನು ವಕಾಲತ್ತು ಹಾಕುತ್ತಿಲ್ಲ. ಅಂಥವರಿಂದ ಅನ್ನಿಸಿಕೊಂಡವರೆಲ್ಲ ಈ ಬರಹ ಓದುತ್ತಿದ್ದೀರಿ. ಆದರೆ ಸಿಡುಕಿಗೆ ಒಂದು ಬಟನ್ ಇಟ್ಟು, ಖಾಲಿ ಕುರ್ಚಿಗೆ ಬಟನ್ ಇಡದವನು ಯಾರು ಎಂದು ಕೇಳುವ ಹಕ್ಕು ನಮಗಿದೆ.

ಬ್ರಿಟನ್ನಿನವರು ಈ ದಾರಿಯಲ್ಲಿ ನಮಗಿಂತ ಮೊದಲು ಎಡವಿದವರು. ಅಲ್ಲಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳನ್ನು ನೋಡಿಕೊಂಡ ರೀತಿ ದೇಶವನ್ನೇ ತಲೆ ತಗ್ಗಿಸುವಂತೆ ಮಾಡಿತು. ಕಾಗದದಲ್ಲಿ ಆಸ್ಪತ್ರೆ ಎಷ್ಟು ಚೆಂದವಿತ್ತೆಂದರೆ, ಅದೇ ಅವಧಿಯಲ್ಲಿ, 2008ರಲ್ಲಿ, ಅದನ್ನು ನಡೆಸುತ್ತಿದ್ದ ಸಂಸ್ಥೆಗೆ ಬಡ್ತಿ ಕೊಟ್ಟು ಹೆಚ್ಚಿನ ಸ್ವಾಯತ್ತತೆಯನ್ನೂ ಕೊಟ್ಟಿದ್ದರು. ಸತ್ಯ ಹೊರಗೆ ಬಂದದ್ದು ಮನೆಯವರನ್ನು ಕಳೆದುಕೊಂಡವರಿಂದ. ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ತನ್ನ ಪುಟ್ಟ ಕೆಫೆಯ ಗೋಡೆಯಲ್ಲಿ ಸತ್ತವರ ಫೋಟೊ ಅಂಟಿಸಿದಳು. ಕೊನೆಗೆ ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ವಿಚಾರಣೆ 2013ರ ಫೆಬ್ರುವರಿಯಲ್ಲಿ 290 ಶಿಫಾರಸು ಕೊಟ್ಟಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಅಲ್ಲಿನ ಆಸ್ಪತ್ರೆಗಳು ರೋಗಿಗಳಿಗೆ ಒಂದು ಪ್ರಶ್ನೆ ಕೇಳತೊಡಗಿದವು. ನಿಮ್ಮ ಸ್ನೇಹಿತರಿಗೂ ಮನೆಯವರಿಗೂ ಈ ವಾರ್ಡನ್ನು ಶಿಫಾರಸು ಮಾಡುತ್ತೀರಾ? ತುರ್ತು ಚಿಕಿತ್ಸಾ ವಿಭಾಗದಲ್ಲೂ ಇದೇ ಪ್ರಶ್ನೆ. ಎದೆ ಹಿಡಿದುಕೊಂಡು ಬಂದವನು ನೆಂಟರಿಷ್ಟರಿಗೆ ‘ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕು’ ಎಂದು ಲಗ್ನಪತ್ರಿಕೆ ಹಂಚಬೇಕಿತ್ತು. ಆ ಪ್ರಶ್ನೆಯನ್ನು ಬದಲಾಯಿಸಲು ಅವರಿಗೆ 2020 ಬೇಕಾಯಿತು. ಮೂರ್ಖತನದಲ್ಲಿ ನಾವು ಒಂಟಿಯಲ್ಲ ಎಂಬುದು ಸಮಾಧಾನದ ಸಂಗತಿ.

ಆದರೆ ಅಲ್ಲೇ ಇನ್ನೊಂದು ಕೆಲಸವೂ ಆಯಿತು. ಶೆಫೀಲ್ಡಿನ ಪಾಲ್ ಹಾಡ್ಜ್‌ಕಿನ್ ಎಂಬ ವೈದ್ಯರು 2005ರಲ್ಲಿ ‘ಪೇಷಂಟ್ ಒಪಿನಿಯನ್’ ಶುರು ಮಾಡಿದರು. ಈಗ ಅದರ ಹೆಸರು ‘ಕೇರ್ ಒಪಿನಿಯನ್’. ಅಲ್ಲಿ ನಕ್ಷತ್ರದ ಗೀಳು ಕಡಿಮೆ. ರೋಗಿ ತನ್ನ ಕಥೆಯನ್ನು ತನ್ನ ಮಾತಲ್ಲಿ ಬರೆಯುತ್ತಾನೆ, ಹೆಸರು ಹೇಳಬೇಕಿಲ್ಲ. ಅದನ್ನು ಊರೆಲ್ಲ ಓದಬಹುದು. ಕೆಳಗಡೆ ಆಸ್ಪತ್ರೆಯವರು ತಮ್ಮ ಹೆಸರು, ಹುದ್ದೆ ಹಾಕಿ ಉತ್ತರ ಬರೆಯುತ್ತಾರೆ. ಆ ಉತ್ತರವನ್ನೂ ಊರೆಲ್ಲ ಓದಬಹುದು. ನಡೆಸುವವರು ಆಸ್ಪತ್ರೆಯವರಲ್ಲ, ಲಾಭಕ್ಕಲ್ಲದ ಪ್ರತ್ಯೇಕ ಸಂಸ್ಥೆ. ಅಂದರೆ ಅಲ್ಲಿ ಹೆಸರು ಮುಚ್ಚಿಡುವವನು ರೋಗಿ, ಹೆಸರು ಹೇಳಬೇಕಾದವನು ಅಧಿಕಾರಿ. ನಮ್ಮಲ್ಲಿ ಇದನ್ನು ಚೊಕ್ಕವಾಗಿ ತಿರುಗಿಸಿಟ್ಟಿದ್ದೇವೆ. ರೋಗಿಯ ಹೆಸರು, ಊರು, ನಂಬರು ಎಲ್ಲ ಬೇಕು. ಉತ್ತರ ಬರೆದವನ ಸಹಿ ಮಾತ್ರ ಯಾವ ಜ್ಯೋತಿಷಿಗೂ ಓದಲು ಬಾರದು.

ಇದನ್ನೆಲ್ಲ ಕಲಿಯಲು ಶೆಫೀಲ್ಡಿಗೆ ಹೋಗಬೇಕಾಗಿಯೂ ಇರಲಿಲ್ಲ. ಬೆಂಗಳೂರಿಗೆ ಹೋಗಿದ್ದರೆ ಸಾಕಿತ್ತು. ಅಧ್ಯಯನ ಪ್ರವಾಸಕ್ಕೆ ಬೆಂಗಳೂರನ್ನು ಯಾರೂ ಒಪ್ಪುವುದಿಲ್ಲ, ಅದು ಬೇರೆ ಮಾತು.

1994ರಲ್ಲಿ, ನಮ್ಮ ಜೇಬಿನಲ್ಲಿ ಮೊಬೈಲೇ ಇಲ್ಲದ ಕಾಲದಲ್ಲಿ, ಆಮೇಲೆ ಪಬ್ಲಿಕ್ ಅಫೇರ್ಸ್ ಸೆಂಟರ್ ಕಟ್ಟಿದ ಸ್ಯಾಮುಯೆಲ್ ಪಾಲ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಸಾರ್ವಜನಿಕ ಸೇವೆಗಳಿಗೆ ಜನರಿಂದಲೇ ಅಂಕಪಟ್ಟಿ ಬರೆಸಿದರು. ಮನೆ ಮನೆಗೆ ಹೋಗಿ, ಕಾಗದ ಪೆನ್ಸಿಲ್ ಹಿಡಿದು ಕೇಳಿದರು. ನೀರು, ವಿದ್ಯುತ್ತು, ಫೋನು, ಪಾಲಿಕೆ, ಬಿಡಿಎ, ಆಸ್ಪತ್ರೆ. ಕೆಲಸ ಆಯಿತೇ? ಎಷ್ಟು ಸಲ ಅಲೆಸಿದರು? ದುಡ್ಡು ಕೇಳಿದರೇ? ಎಷ್ಟು? ಹೌದು, ಲಂಚದ ಪ್ರಶ್ನೆಯನ್ನು ‘ಇತರೆ’ಯಲ್ಲಿ ಅಡಗಿಸಿರಲಿಲ್ಲ. ಫಲಿತಾಂಶವನ್ನು ಪತ್ರಿಕೆಗೆ ಕೊಟ್ಟರು. ಇಲಾಖೆಗಳ ಹೆಸರು ಸಮೇತ, ಯಾರು ಪಾಸು ಯಾರು ಫೇಲು ಎಂದು ಅಚ್ಚಾಯಿತು. ಹೆಚ್ಚುಕಡಿಮೆ ಎಲ್ಲರೂ ಫೇಲು.

ಅಧಿಕಾರಿಗಳು ಮೊದಲು ಗುರ್ರೆಂದರು. ಮರ್ಯಾದೆಯ ಪ್ರಶ್ನೆ. 1999ರಲ್ಲಿ ಮತ್ತೆ ಅಂಕಪಟ್ಟಿ ಬಂತು, ಸುಧಾರಣೆ ಅಷ್ಟಕ್ಕಷ್ಟೆ. 2003ರಲ್ಲಿ ಮೂರನೆಯದು ಬಂದಾಗ ಅಂಕಗಳು ಎದ್ದು ಕಾಣುವಷ್ಟು ಏರಿದ್ದವು. ಏನು ಮಾಡಿತು ಇದನ್ನು? ಕೇಳಿದವರು ಹೊರಗಿನವರು. ಕೇಳಿದ್ದನ್ನು ಮುಚ್ಚಿಡಲಿಲ್ಲ. ಕೆಲವು ವರ್ಷ ಬಿಟ್ಟು ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರು. ಜೊತೆಗೆ, ಕಿವಿಗೊಡಲು ಮನಸ್ಸಿದ್ದ ಒಂದಿಬ್ಬರು ಅಧಿಕಾರದಲ್ಲಿದ್ದರು. ಇದರಲ್ಲಿ ತಂತ್ರಜ್ಞಾನ ಎಷ್ಟಿತ್ತು? ಎರಡು ಬಿ ಪೆನ್ಸಿಲ್ಲಿನಷ್ಟು.

2010ರಲ್ಲಿ ಅದೇ ಬೆಂಗಳೂರಿನ ಜನಾಗ್ರಹ ಸಂಸ್ಥೆ ‘ಐ ಪೇಯ್ಡ್ ಎ ಬ್ರೈಬ್’ ಎಂಬ ಜಾಲತಾಣ ತೆರೆಯಿತು. ಲಂಚ ಕೊಟ್ಟವರು ಅಲ್ಲಿ ಬಂದು ಎಲ್ಲಿ, ಎಷ್ಟು ಎಂದು ಬರೆದರು. ಹೊರದೇಶದವರು ಬಂದು ನೋಡಿ ಹೊಗಳಿದರು. ನಮ್ಮ ಇಲಾಖೆಗಳು ದರಪಟ್ಟಿ ಸರಿಯಾಗಿದೆಯೇ ಎಂದು ನೋಡಿಕೊಂಡಿರಬೇಕು.

ಆಸ್ಪತ್ರೆಗಳ ಬಗ್ಗೆ ನಿಜಕ್ಕೂ ಪ್ರಾಮಾಣಿಕ ಅಭಿಪ್ರಾಯ ಬೇಕಿದ್ದರೆ ಒಂದು ಸುಲಭ ಮೂಲವಿದೆ. ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದು ಇರುತ್ತದೆ. ಅಧ್ಯಕ್ಷರು ಕ್ಷೇತ್ರದ ಶಾಸಕರು. ಸಮಿತಿಯ ಸಭೆಯಲ್ಲಿ ಅವರು ‘ಖಾಸಗಿ ಆಸ್ಪತ್ರೆಗಳನ್ನೂ ಮೀರಿಸುವಂಥ’ ಸೌಲಭ್ಯಗಳ ಬಗ್ಗೆ ಭಾಷಣ ಮಾಡುತ್ತಾರೆ. ಅದನ್ನು ಬರೆದುಕೊಳ್ಳಬೇಡಿ. ರಾತ್ರಿ ಹನ್ನೆರಡಕ್ಕೆ ಅವರಿಗೇ ಎದೆ ನೋವು ಬಂದಾಗ, ಕಾರು ಯಾವ ಕಡೆ ತಿರುಗಿಸಬೇಕು ಎಂದು ಡ್ರೈವರಿಗೆ ಹೇಳುತ್ತಾರಲ್ಲ, ಅದನ್ನು ಬರೆದುಕೊಳ್ಳಿ. ಈ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಯ ಬಗ್ಗೆ ಸಿಗುವ ಅತ್ಯಂತ ಶುದ್ಧ ಫೀಡ್‌ಬ್ಯಾಕ್ ಅದು. ಬಿಲ್ಲು ನಮ್ಮ ಖಜಾನೆಗೆ ಬರುತ್ತದೆ, ಆದ್ದರಿಂದ ದಾಖಲೆಯೂ ಇದೆ. ಲೆಕ್ಕ ಹಾಕುವುದು ಕಷ್ಟವಲ್ಲ.

ಕಾರು ತಿರುಗದ ಆಸ್ಪತ್ರೆಗಳೂ ಇವೆ, ಇಲ್ಲವೆನ್ನಲಾರೆ. ಬೆಂಗಳೂರಿನ ಜಯದೇವಕ್ಕೆ ಮಂತ್ರಿಯೂ ಹೋಗುತ್ತಾನೆ, ಆಟೋದವನೂ ಹೋಗುತ್ತಾನೆ. ಅದೂ ಸರ್ಕಾರದ್ದೇ. ನಿಮ್ಹಾನ್ಸಿಗೆ ಮನೆಯವರನ್ನು ಕರೆದೊಯ್ಯಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ. ಇಲ್ಲಿಗೆ ಜನ ನಕ್ಷತ್ರ ಎಣಿಸಿ ಬರಲಿಲ್ಲ. ಡಾಕ್ಟರು ಇದ್ದಾರೆ, ಯಂತ್ರ ಓಡುತ್ತದೆ ಎಂಬ ಸುದ್ದಿ ಬಸ್ಸಿನಲ್ಲೇ ಹಬ್ಬಿತು.

ಹಾಗಾದರೆ ಆನ್‌ಲೈನ್ ಅಭಿಪ್ರಾಯವೇ ಬೇಡವೇ ಎಂದು ಇಲಾಖೆಯವರು ಮುಖ ಊದಿಸಿಕೊಳ್ಳಬಹುದು. ಬೇಕು ಸ್ವಾಮಿ. ಒಂದು ಷರತ್ತಿನ ಮೇಲೆ. ನಮ್ಮ ಅಭಿಪ್ರಾಯ ಕೇಳುವ ಗೋಡೆಯಲ್ಲೇ ಹೋದ ತಿಂಗಳು ಬಂದ ಅಭಿಪ್ರಾಯಗಳನ್ನು ಬರೆಯಿರಿ. ಇಂಥ ತಾರೀಖು, ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಇರಲಿಲ್ಲ ಎಂದು ಒಬ್ಬರು ದೂರಿದರು. ಇಂಥ ತಾರೀಖು ತರಿಸಿದೆವು. ಅಥವಾ ತರಿಸಲಿಲ್ಲ, ಇಂಥವರ ಮೇಜಿನ ಮೇಲೆ ಫೈಲು ಕೂತಿದೆ, ಅವರ ಫೋನ್ ನಂಬರು ಇಂತಿದೆ. ನಾವೇ ಫೋನ್ ಮಾಡುತ್ತೇವೆ. ತೃಪ್ತಿಯಾಗಿದ್ದರೆ ಒಂದನ್ನು ಒತ್ತಿ ಎಂದು ನಾವೇ ಹೇಳುತ್ತೇವೆ.

ಇದಕ್ಕೆ ಸಾಫ್ಟ್‌ವೇರ್ ಬೇಡ, ಕನ್ಸಲ್ಟೆಂಟ್ ಬೇಡ, ಡ್ಯಾಶ್‌ಬೋರ್ಡ್ ಬೇಡ. ಬಾಗಿಲಲ್ಲಿ ಒಂದು ಕರಿಹಲಗೆ, ಒಂದು ಡಬ್ಬ ಸೀಮೆಸುಣ್ಣ ಸಾಕು. ಇಷ್ಟನ್ನು ಒಬ್ಬ ಹಿರಿಯ ಅಧಿಕಾರಿಗೆ ಹೇಳಿ ನೋಡಿದೆ. ಒಳ್ಳೆಯ ಸಲಹೆ ಎಂದರು. ಕರಿಹಲಗೆಗೆ ಈ ವರ್ಷ ಬಜೆಟ್ ಶೀರ್ಷಿಕೆ ಇಲ್ಲ, ಸೀಮೆಸುಣ್ಣಕ್ಕೆ ಪ್ರತ್ಯೇಕ ಟೆಂಡರ್ ಆಗಬೇಕು, ಅಷ್ಟರಲ್ಲಿ ಇದನ್ನೇ ಆ್ಯಪ್‌ನಲ್ಲಿ ಹಾಕಿಬಿಡಿ, ‘ಇತರೆ’ ವಿಭಾಗದಲ್ಲಿ ಬರುತ್ತದೆ ಎಂದರು.